ಚಿಪ್ಪುಹಂದಿಯನ್ನು ಬಿಡಿಸಬೇಡಿ

ಒಂಬತ್ತನೇ ತರಗತಿಯ ಮಗಳಿಗೆ ಹಳೆಯ ಊರು ಅಗೆಯುವ ಹುಚ್ಚೂ ಇದೆ, ಚಿಪ್ಪುಹಂದಿಯ ಹುಚ್ಚೂ ಇದೆ. ಪುಣೆಯಲ್ಲಿದ್ದುಕೊಂಡು ಯಾವುದನ್ನು ಬಿಡಿಸಲಿ ಎಂದು ಕೇಳಿದ್ದೀರಿ. ಯಾವುದನ್ನೂ ಬೇಡ. ಎರಡೂ ಕೂಡಿದ ವಿಷಯವೇ ಇದೆ: ಪ್ರಾಣಿ ಪುರಾತತ್ವ. ಉತ್ಖನನದಲ್ಲಿ ಸಿಕ್ಕ ಎಲುಬು ದನದ್ದೋ ಜಿಂಕೆಯದ್ದೋ, ಕೊಯ್ದದ್ದು ಮನುಷ್ಯನೋ ಕಡಿದದ್ದು ನರಿಯೋ ಎಂದು ಹೇಳುವ ವಿದ್ಯೆ. ಕಲ್ಲಿನ ಅಲಗಿನ ಗೀರು ಸಾಮಾನ್ಯವಾಗಿ ಸಪೂರ, ತಳ ಚೂಪು. ಹಲ್ಲಿನ ಗುರುತಿನ ತಳ ಗುಂಡಗೆ. ಭಾನುವಾರದ ಮಟನ್ ಎಲುಬನ್ನು ತೊಳೆದು ಭೂತಗನ್ನಡಿಯ ಕೆಳಗಿಟ್ಟರೆ ಕಟುಕನ ಕತ್ತಿಯ ಗೀರು ಅವಳಿಗೇ ಕಾಣುತ್ತದೆ. (ಅಡುಗೆಮನೆಯಲ್ಲಿ ಬೈಗುಳ ಖಂಡಿತ.)

ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಪುರಾತತ್ವ ಕಲಿಸುವ ಯರವಡೆಯ ಡೆಕ್ಕನ್ ಕಾಲೇಜು ನಿಮ್ಮ ಊರಿನಲ್ಲೇ ಇದೆ. ಘೋಡ್ ನದಿಯ ದಂಡೆಯ ಇನಾಮಗಾವ್ ಎಂಬ ಪುರಾತನ ಊರನ್ನು ಅಗೆದವರು ಆ ಕಾಲೇಜಿನವರೇ. ನಮ್ಮ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣದ ಕಲ್ಲಿನಿಂದ ಆಯುಧ ಮಾಡುತ್ತಿದ್ದ ಜಾಗವನ್ನು ಅಗೆದ ಕೆ. ಪದ್ದಯ್ಯನವರೂ ಅದೇ ಕಾಲೇಜಿನವರು.

ಅವಳಿಗೊಂದು ಒಗಟು ಕೊಡಿ. ಸತ್ತ ಪ್ರಾಣಿಯ ವಯಸ್ಸನ್ನು ಹಲ್ಲಿನ ಸವೆತ ನೋಡಿ ಅಂದಾಜು ಮಾಡುತ್ತಾರೆ. ಚಿಪ್ಪುಹಂದಿಗೆ ಹಲ್ಲೇ ಇಲ್ಲ. ನುಂಗಿದ ಇರುವೆಗಳನ್ನು ಹೊಟ್ಟೆಯೊಳಗಿನ ಸಣ್ಣ ಕಲ್ಲುಗಳೇ ಅರೆಯುತ್ತವೆ. ಹಾಗಾದರೆ ಅದರ ವಯಸ್ಸು ಹೇಳುವುದು ಹೇಗೆ? ಅವಳು ಏನೆಂದಳೆಂದು ಇಲ್ಲಿ ಬರೆಯಿರಿ.