ಜೀಪಿನಲ್ಲಿ ಮನೆಗೆ ಬರುವಾಗ

ಓದುಗರ ಪತ್ರ: ಗೋಣಿಕೊಪ್ಪಲಿನ ಹತ್ತಿರದಿಂದ ತಾಯಿಯೊಬ್ಬರು ಬರೆದಿದ್ದಾರೆ. ಮಗನಿಗೆ 12 ವರ್ಷ. ಹಾಕಿ ಅಂದರೆ ಪ್ರಾಣ. ಆದರೆ ಈಚೆಗೆ ಪಂದ್ಯದ ದಿನ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾನಂತೆ. ನವೆಂಬರ್‌ನಲ್ಲಿ ಹುಟ್ಟಿದವನು, ತಂಡದಲ್ಲಿ ಎಲ್ಲರಿಗಿಂತ ಸಣ್ಣ. ಕೋಚ್ ಅವನನ್ನು ಜಾಸ್ತಿ ಹೊತ್ತು ಬೆಂಚಿನಲ್ಲೇ ಕೂರಿಸುತ್ತಾರೆ. ಯಜಮಾನರು ಗೆರೆಯ ಪಕ್ಕ ನಿಂತು ಪಂದ್ಯ ಮುಗಿಯುವವರೆಗೂ ಕೂಗುತ್ತಾರೆ, ಆಮೇಲೆ ಜೀಪಿನಲ್ಲಿ ಮನೆ ಮುಟ್ಟುವವರೆಗೂ ತಪ್ಪು ಎಣಿಸುತ್ತಾರೆ. ಹೋದ ತಿಂಗಳು ದೊಡ್ಡವರು ಆಡುವ ದುಬಾರಿ ಕಾರ್ಬನ್ ಸ್ಟಿಕ್ ತಂದುಕೊಟ್ಟಿದ್ದಾರೆ. ಪರಿಚಯದವರೊಬ್ಬರು ‘ಹುಟ್ಟಿದ ವರ್ಷ ಸ್ವಲ್ಪ ಸರಿಮಾಡಿಸಿ’ ಎಂದು ಸಲಹೆಯನ್ನೂ ಕೊಟ್ಟಿದ್ದಾರೆ. ‘ಇವನನ್ನು ಕ್ರೀಡಾ ಹಾಸ್ಟೆಲ್‌ಗೆ ಸೇರಿಸಲಾ, ಇಲ್ಲಾ ಆಟವನ್ನೇ ಬಿಡಿಸಲಾ?’ ಇದು ಅವರ ಪ್ರಶ್ನೆ.

ಸಂಪಾದಕರ ಉತ್ತರ:

ಅಮ್ಮಾ, ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಸ್ವಲ್ಪ ನಾಚಿಕೆಯೂ ಆಯಿತು. ಯಾಕೆಂದರೆ ನಿಮ್ಮ ಯಜಮಾನರು ನಿಲ್ಲುವ ಜಾಗದಲ್ಲಿ ನಾನೂ ನಿಂತಿದ್ದವನೇ.

ಮಗಳು ಶಾಲೆಯ ತಂಡದಲ್ಲಿ ಆಡುತ್ತಿದ್ದ ಕಾಲ. ಅವಳ ಸ್ಟಿಕ್ಕಿಗೆ ಚೆಂಡು ಸಿಕ್ಕಿತು ಅಂದರೆ ಸಾಕು, ‘ಹೊಡಿ, ಹೊಡಿ’ ಎಂದು ಗಂಟಲು ಹರಿಯುವ ಹಾಗೆ ಕಿರುಚುತ್ತಿದ್ದೆ. ಒಂದು ದಿನ ಮನೆಗೆ ಬಂದು ಶೂ ಬಿಚ್ಚುತ್ತಾ ಕೇಳಿದಳು: ‘ಅಪ್ಪಾ, ಸರ್ಕಲ್ ಹೊರಗಿಂದ ಹೊಡೆದ್ರೆ ಗೋಲ್ ಆಗುತ್ತಾ?’ ಆಗುವುದಿಲ್ಲ. ಸರ್ಕಲ್, ಅಂದರೆ ಗೋಲಿನ ಮುಂದೆ ಎಳೆದ ಅರ್ಧವೃತ್ತದಂಥ ಗೆರೆಯ ಒಳಗೆ ನಮ್ಮವರ ಸ್ಟಿಕ್ ಚೆಂಡಿಗೆ ತಾಗಿದರೆ ಮಾತ್ರ ಗೋಲು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೆ ನಮ್ಮ ಮಕ್ಕಳು ಆಡುವಾಗ ಗೊತ್ತಿದ್ದದ್ದೆಲ್ಲ ಮರೆತುಹೋಗುತ್ತದೆ, ಅಲ್ವಾ?

ಕೂಗುವುದರಿಂದ ಹುಡುಗನಿಗೆ ಬೇಜಾರಾಗುತ್ತದೆ ಅನ್ನುವುದು ಒಂದು. ಅವನು ಕಲಿಯುವುದೂ ಅಲ್ಲೇ ನಿಂತುಹೋಗುತ್ತದೆ, ಅದು ಇನ್ನೂ ದೊಡ್ಡದು. ಹಾಕಿಯಲ್ಲಿ ಚೆಂಡು ಬರುವ ಮೊದಲೇ ತಲೆ ಎತ್ತಿ ಸುತ್ತ ನೋಡಿರಬೇಕು. ಎದುರಿನವನು ಯಾವ ಕಡೆ ವಾಲಿದ್ದಾನೆ, ನಮ್ಮ ಹಾಫ್ (ನಡುವಿನ ಸಾಲಿನ ಆಟಗಾರ) ಎಲ್ಲಿದ್ದಾನೆ, ಪಾಸ್ ಕೊಡಲಾ, ತಾನೇ ಒಯ್ಯಲಾ? ಅರೆಕ್ಷಣದಲ್ಲಿ ಇದಿಷ್ಟೂ ಮುಗಿಯಬೇಕು. ಇದು ಹೇಳಿಕೊಟ್ಟು ಬರುವಂಥದ್ದಲ್ಲ. ಸಾವಿರ ಸಲ ತಪ್ಪು ಮಾಡಿ ಬರುವಂಥದ್ದು. ಹೊರಗಿಂದ ಅಪ್ಪನ ದನಿ ಬಂತು ಅಂದರೆ ಹುಡುಗ ನೋಡುವುದನ್ನು ಬಿಟ್ಟು ಕೇಳಲು ಶುರುಮಾಡುತ್ತಾನೆ. ಮುಂದೆ ಅಪ್ಪ ಇಲ್ಲದ ಮೈದಾನದಲ್ಲಿ ಏನು ಮಾಡಬೇಕು ಅಂತಲೇ ತೋಚುವುದಿಲ್ಲ.

ಹೊಟ್ಟೆನೋವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಅವರು ಏನೂ ಇಲ್ಲ ಅಂದರೆ ಕಾರಣ ಜೀಪಿನಲ್ಲಿದೆ. ಮೂರು ವಾರ ಒಂದು ಕೆಲಸ ಮಾಡಿ ನೋಡಿ. ಮೈದಾನದಿಂದ ಮನೆಗೆ ಬರುವಾಗ ಹಾಕಿಯ ಮಾತೇ ಬೇಡ. ಅವನೇ ಎತ್ತಿದರೆ ಕೇಳಿಸಿಕೊಳ್ಳಿ, ನೀವಾಗಿ ಎತ್ತಬೇಡಿ. ದಾರಿಯಲ್ಲಿ ಏನಾದರೂ ತಿನ್ನಿಸಿ. ಸೋತ ದಿನವೂ ಅದೇ ತಿಂಡಿ, ಗೆದ್ದ ದಿನವೂ ಅದೇ.

ಇನ್ನು ಬೆಂಚಿನ ವಿಷಯ. ಇಲ್ಲಿ ನಾನು ನಿಮ್ಮ ಕಡೆ. ಹಾಕಿಯಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಹೊರಗೆ ಬಂದವನು ಮತ್ತೆ ಒಳಗೆ ಹೋಗಬಹುದು. ಫುಟ್‌ಬಾಲಿನ ದೊಡ್ಡ ಪಂದ್ಯಗಳ ಹಾಗೆ ‘ಬದಲಾವಣೆ ಮುಗಿದುಹೋಯಿತು’ ಎಂಬ ನೆಪ ಇಲ್ಲಿಲ್ಲ. ಇಂಥ ಆಟದಲ್ಲಿ 12 ವರ್ಷದ ಹುಡುಗನನ್ನು ಪಂದ್ಯದ ಜಾಸ್ತಿ ಹೊತ್ತು ಕೂರಿಸುವ ಕೋಚ್ ಗೆಲ್ಲುವ ಕಪ್ ನೋಡುತ್ತಿದ್ದಾರೆ, ಮಗುವನ್ನಲ್ಲ. ಜಗಳ ಆಡಬೇಡಿ. ಪಂದ್ಯದ ದಿನ ಅಂತೂ ಮಾತೇ ಎತ್ತಬೇಡಿ. ವಾರದ ಮಧ್ಯೆ ಒಂದು ಸಂಜೆ ಹೋಗಿ, ‘ಸಾರ್, ಇವನು ಒಳಗೆ ಹೋಗಬೇಕಾದರೆ ಏನು ಕಲಿಯಬೇಕು?’ ಎಂದು ಕೇಳಿ. ನಿಜವಾದ ಕೋಚ್ ಆದರೆ ‘ಎಡಗಡೆಯಿಂದ ಬರೋ ಚೆಂಡು ನಿಲ್ಲಿಸೋದು ಸಾಲದು’ ಅಂತ ಏನಾದರೂ ಗುರುತಾಗಿ ಹೇಳುತ್ತಾರೆ. ‘ಇನ್ನೂ ಬೆಳೀಲಿ ನೋಡೋಣ’ ಅಂದರೆ ಬೇರೆ ಕ್ಲಬ್ ನೋಡುವುದರಲ್ಲಿ ತಪ್ಪಿಲ್ಲ.

ಆ ‘ಬೆಳೀಲಿ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1980ರ ದಶಕದಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಅಲ್ಲಿನ ಜೂನಿಯರ್ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ, ಕೊನೆಯ ತಿಂಗಳುಗಳವರು ತೀರಾ ಕಡಿಮೆ. ಅಲ್ಲಿ ವಯಸ್ಸಿನ ಗುಂಪು ಜನವರಿ 1ರಿಂದ ಶುರು. ಜನವರಿಯ ಹುಡುಗ ಡಿಸೆಂಬರಿನ ಹುಡುಗನಿಗಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡವನು. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಸುಮ್ನೆ ಅಲ್ಲ, ನಾಲ್ಕು ಬೆರಳು ಎತ್ತರ. ಎತ್ತರ ಇದ್ದವನು ಆಯ್ಕೆಯಾದ, ಒಳ್ಳೆಯ ಕೋಚ್ ಸಿಕ್ಕಿದರು, ಜಾಸ್ತಿ ಪಂದ್ಯ ಸಿಕ್ಕಿತು, ನಿಜಕ್ಕೂ ಒಳ್ಳೆಯ ಆಟಗಾರನಾದ. ಪ್ರತಿಭೆ ಅಂತ ನಾವು ಕರೆದದ್ದರಲ್ಲಿ ಎಷ್ಟೋ ಭಾಗ ಕ್ಯಾಲೆಂಡರಿನ ಕೈವಾಡ. ನಿಮ್ಮದು ನವೆಂಬರಿನ ಮಗು.

ಹಾಗಂತ ಕ್ಯಾಲೆಂಡರನ್ನೇ ತಿದ್ದಲು ಹೊರಡಬೇಡಿ. ಆ ಪರಿಚಯದವರಿಗೆ ಕಾಫಿ ಕೊಟ್ಟು ಕಳುಹಿಸಿ. ಈಗ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆ ನೋಡಿ ವಯಸ್ಸು ಅಂದಾಜು ಮಾಡುತ್ತಾರೆ. ಸಿಕ್ಕಿಬಿದ್ದರೆ ಹೊರಗೆ ಹಾಕಿಸಿಕೊಳ್ಳುವವನು ಹುಡುಗ, ದಾಖಲೆ ತಿದ್ದಿಸಿದ ದೊಡ್ಡವರಲ್ಲ. ಸಿಕ್ಕಿಬೀಳಲಿಲ್ಲ ಅಂತಲೇ ಇಟ್ಟುಕೊಳ್ಳಿ. ತನಗಿಂತ ಚಿಕ್ಕವರನ್ನು ಸೋಲಿಸಿ ಗೆದ್ದೆ ಅಂತ ಅವನಿಗೆ ಗೊತ್ತಿರುತ್ತದೆ.

ಹಾಸ್ಟೆಲ್‌ಗೆ ಈಗಲೇ ಬೇಡ ಅಂತ ನನ್ನ ಅಭಿಪ್ರಾಯ. ಹಾಸ್ಟೆಲ್ ಕೆಟ್ಟದ್ದು ಅಂತಲ್ಲ. ಕೂಡಿಗೆಯ ಕ್ರೀಡಾಶಾಲೆ ನಿಮಗೆ ದೂರವೂ ಅಲ್ಲ. ಆದರೆ ಪಂದ್ಯ ಅಂದರೆ ಹೊಟ್ಟೆನೋವು ಬರುವ ಹುಡುಗನನ್ನು ದಿನಕ್ಕೆ ಎರಡು ಹೊತ್ತು ಅಭ್ಯಾಸ ಇರುವ ಕಡೆ ಬಿಟ್ಟರೆ ಏನಾದೀತು ಯೋಚಿಸಿ. ನೋವು ಹೋಗಲಿ, ಅವನೇ ಬಾಯಿಬಿಟ್ಟು ಕೇಳಲಿ, ಆಮೇಲೆ ಕರೆದುಕೊಂಡು ಹೋಗಿ ತೋರಿಸಿ. ಬಿಡಿಸುವ ಮಾತಂತೂ ಬೇಡವೇ ಬೇಡ.

ತಡವಾಗುತ್ತದೆ ಅನ್ನುವ ಭಯ ಇದೆಯಾ? ಪಿ.ಆರ್. ಶ್ರೀಜೇಶ್ ಅವರನ್ನು ನೋಡಿ. ಎರ್ನಾಕುಲಂ ಜಿಲ್ಲೆಯ ಕಿಳಕ್ಕಂಬಲಂ ಊರಿನ ಹುಡುಗ ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆಗೆ ಸೇರಿದ್ದು 12ನೇ ವಯಸ್ಸಿನಲ್ಲಿ. ಅದೂ ಹಾಕಿಗೆಂದು ಅಲ್ಲ. ಓಟ, ಲಾಂಗ್ ಜಂಪ್, ವಾಲಿಬಾಲ್ ಎಲ್ಲ ಮಾಡಿದ್ದವರು. ಗೋಲ್‌ಕೀಪರ್ ಆಗು ಅಂದದ್ದು ಅಲ್ಲಿನ ಕೋಚ್. ಅವರೇ ಮುಂದೆ ಟೋಕಿಯೋ ಮತ್ತು ಪ್ಯಾರಿಸ್ ಎರಡೂ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್ ಕಾದರು. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2016ರಲ್ಲಿ ಇದನ್ನೇ ಹೇಳಿತು: 15-16 ವರ್ಷದವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ, ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ. ಹಾಕಿಗೆ ಇದು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಆಡುವಷ್ಟು ಹೊತ್ತೂ ಸೊಂಟ ಬಗ್ಗಿಸಿ ತಿರುಗುವ ಆಟ ಇದು. ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಬೀಸಿ ಎಸೆಯುವ ಡ್ರ್ಯಾಗ್ ಫ್ಲಿಕ್ ಕಲಿಸಿ ಅಂತ ನಿಮ್ಮ ಯಜಮಾನರು ಕೇಳಿದ್ದಾರೆ ಅಂತ ಬರೆದಿದ್ದೀರಿ. ಬೆನ್ನು ಬಲಿಯುವವರೆಗೆ ಅದು ಬೇಡ.

ಈಗ ಅವನಿಗೆ ಬೇಕಾಗಿರುವುದು ಒಂದೇ, ಚೆಂಡು ಮುಟ್ಟುವುದು. ಹನ್ನೊಂದು ಜನರ ಪಂದ್ಯದಲ್ಲಿ ಸಣ್ಣ ಹುಡುಗನ ಹತ್ತಿರ ಚೆಂಡು ಬರುವುದೇ ಅಪರೂಪ. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ವರು ನಾಲ್ವರು ಆಡಿದರೆ ಚೆಂಡು ಅವನನ್ನು ಬಿಟ್ಟು ಎಲ್ಲಿಗೆ ಹೋಗುತ್ತದೆ? ಕಳೆ ಕೂಳೆಯ ಮೇಲೆ ಚೆಂಡು ಹೇಗೆ ಪುಟಿಯುತ್ತದೋ ಹೇಳಲಾಗದು, ಕೈ ತಾನಾಗಿ ಮೆದುವಾಗುತ್ತದೆ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಚಿಕ್ಕಂದಿನಲ್ಲಿ ಬಿದಿರಿನ ಕೋಲು ಹಿಡಿದು ಆಡಿದವರು. ಎರಡು ಒಲಿಂಪಿಕ್ಸ್ ಆಡಿದರು.

ಕೊನೆಗೆ ಆ ಸ್ಟಿಕ್. 37.5 ಇಂಚು ಅಂತ ಬರೆದಿದ್ದೀರಿ. ಅದು ದೊಡ್ಡವರ ಅಳತೆ. ನೇರ ನಿಲ್ಲಿಸಿದರೆ ಹುಡುಗನ ಸೊಂಟದ ಮೂಳೆಯ ಹತ್ತಿರ ಬರುವ ಸ್ಟಿಕ್ ಸಾಕು. ಕಾರ್ಬನ್ ಜಾಸ್ತಿ ಇದ್ದಷ್ಟೂ ಸ್ಟಿಕ್ ಗಟ್ಟಿ, ಹೊಡೆತ ಜೋರು. ಆದರೆ ಬಂದ ಚೆಂಡು ನಿಲ್ಲದೆ ಸಿಡಿದುಹೋಗುತ್ತದೆ. ಕೋಚ್ ಕೂರಿಸುವುದಕ್ಕೆ ಇದೂ ಒಂದು ಕಾರಣ ಇರಬಹುದು. ಫೈಬರ್‌ಗ್ಲಾಸ್ ಜಾಸ್ತಿ ಇರುವ ಸಾದಾ ಸ್ಟಿಕ್ ಕೊಡಿಸಿ.

ಅಂಗಡಿಯವರು ದೊಡ್ಡ ಸ್ಟಿಕ್ ವಾಪಸ್ ತೆಗೆದುಕೊಳ್ಳದಿದ್ದರೆ ಬೇಸರ ಬೇಡ, ಯಜಮಾನರ ಎತ್ತರಕ್ಕೆ ಅದು ಸರಿಹೋಗುತ್ತದೆ. ನಿಮ್ಮದು ಕೊಡವ ಮನೆತನ ಅಂತ ಬರೆದಿದ್ದೀರಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರುಮಾಡಿದ ಕುಟುಂಬಗಳ ಹಾಕಿ ಹಬ್ಬ ಇದ್ದೇ ಇದೆ. ಅಜ್ಜ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡಬಹುದಾದ ಪಂದ್ಯ ಅದು. ಬರುವ ಬೇಸಿಗೆಯಲ್ಲಿ ಯಜಮಾನರೇ ಆ ಸ್ಟಿಕ್ ಹಿಡಿದು ಇಳಿಯಲಿ. ಗೆರೆಯ ಪಕ್ಕ ನಿಂತು ಕೂಗುವ ಕೆಲಸ ಒಂದು ದಿನದ ಮಟ್ಟಿಗೆ ಮಗನಿಗಿರಲಿ.