ಅಲ್ಯೂಮಿನಿಯಂ ಫಾರ್ಮರ್‌ಗೆ ಸೀಳು ಬಿಡಿ ಅಣ್ಣಾ

ಅಣ್ಣಾ, ಕೊಪ್ಪಳದಲ್ಲಿ ಮೈಕ್ ಸೆಟ್ ಬಾಡಿಗೆ ಕೊಡ್ತೀನಿ, ಜಾತ್ರೆ ಬಂದರೆ ಸ್ಪೀಕರ್ ಕಾಯಿಲ್ ಸುಡುತ್ತದೆ, ಕಾಯಿಲ್ ತಂತಿ ಸುತ್ತುವ ಉಂಗುರ, ಅಂದರೆ ಫಾರ್ಮರ್, ಕಾಗದದ್ದರ ಬದಲು ಅಲ್ಯೂಮಿನಿಯಂ ಹಾಳೆಯದು ನಾನೇ ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಬಹುದು. ಕಾಗದ ಬಿಸಿಗೆ ಕರಕಲಾಗುತ್ತದೆ, ಅಲ್ಯೂಮಿನಿಯಂ ಆ ಬಿಸಿಯನ್ನು ಎಳೆದು ಹೊರಗೆ ಬಿಡುತ್ತದೆ.

ಆದರೆ ಉಂಗುರದ ಎರಡು ತುದಿ ಮಾತ್ರ ಕೂಡಿಸಬೇಡಿ. ಉದ್ದಕ್ಕೆ ಸಣ್ಣ ಸೀಳು ಇರಲೇಬೇಕು. ನಾನು ಮೊದಲ ಸಲ ಬಳ್ಳಾರಿಯಲ್ಲಿ ಪೂರ್ತಿ ಮುಚ್ಚಿದ ಉಂಗುರ ಮಾಡಿದ್ದೆ. ಕಾಯಿಲ್ ಆಡುವ ಮ್ಯಾಗ್ನೆಟ್ ಗ್ಯಾಪಿಗೆ ಬಿಟ್ಟರೆ ಜೇನುತುಪ್ಪದಲ್ಲಿ ಮುಳುಗಿದ ಹಾಗೆ ನಿಧಾನಕ್ಕೆ ಇಳಿಯಿತು! ಅಲುಗಾಡಿದಾಗ ಉಂಗುರದಲ್ಲೇ ಕರೆಂಟ್ ಸುತ್ತಿ ಬ್ರೇಕ್ ಹಾಕುತ್ತದೆ. ದನಿಯೂ ಸತ್ತು ಹೋಗಿತ್ತು. ಕತ್ತರಿಯಲ್ಲಿ ಸೀಳಿದೆ, ಸಲೀಸಾಗಿ ಆಡಿತು.

ಹಾಳೆಗೂ ತಂತಿಗೂ ನಡುವೆ ಬಿಸಿ ತಡೆಯುವ ಕ್ಯಾಪ್ಟಾನ್ (Kapton) ಟೇಪ್ ಸುತ್ತಿ, ಇಲ್ಲದಿದ್ದರೆ ಶಾರ್ಟ್ ಆಗುತ್ತದೆ. ತಂತಿ ಸದ್ಯಕ್ಕೆ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ತಂತಿ ಹಗುರ ನಿಜ, ತಾಮ್ರದ ಮೂರನೇ ಒಂದರಷ್ಟೂ ತೂಕ ಇಲ್ಲ. ಆದರೆ ಕೆರೆದ ಕೂಡಲೇ ಮೇಲೆ ಆಕ್ಸೈಡ್ ಪೊರೆ ಕಟ್ಟುತ್ತದೆ, ಮಾಮೂಲಿ ಬೆಸುಗೆ ಹಿಡಿಯಲ್ಲ.

ನಿಮ್ಮ ಗ್ಯಾಪ್ ಎಷ್ಟು ಅಗಲ ಇದೆ, ಅಳೆದು ಹೇಳಿ. ಹಾಳೆಯ ದಪ್ಪ ಅದರ ಮೇಲೆ ಲೆಕ್ಕ ಹಾಕೋಣ.