ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಮಿನಂಗ್‌ಕಬಾವ್ ಜನರ ಹಳ್ಳಿಗಳಲ್ಲಿ ಗದ್ದೆ ಹೆಣ್ಣುಮಕ್ಕಳಿಗೇ ಹೋಗುವುದೇಕೆ?

ಅಲ್ಲಿ ಹಿರಿಯರಿಂದ ಬಂದ ಗದ್ದೆ ಯಾರೊಬ್ಬರ ಸ್ವಂತದ್ದೂ ಅಲ್ಲ, ಅದು ತಾಯಿ ಕಡೆಯ ಇಡೀ ಕುಟುಂಬದ್ದು. ಅದಕ್ಕೇ ತಾಯಿಯಿಂದ ಮಗಳಿಗೆ ಹೋಗುತ್ತದೆ. ಮದುವೆಯಾದ ಮೇಲೆ ಗಂಡನೇ ಹೆಂಡತಿಯ ಮನೆಗೆ ಬರುವುದು ಪದ್ಧತಿ. ಮಗಳು ತವರಿನಲ್ಲೇ ಉಳಿಯುವುದರಿಂದ ಗದ್ದೆ ಹೊರಗಿನವರ ಕೈ ಸೇರುವುದಿಲ್ಲ.

ಹಾಗಂತ ಹೆಂಗಸರು ಅದನ್ನು ಸುಮ್ನೆ ಮಾರುವಂತಿಲ್ಲ. ಉಸ್ತುವಾರಿ ಸೋದರಮಾವನದು. ಒತ್ತೆ ಇಡಲೂ ಸಂಪ್ರದಾಯ ಒಪ್ಪುವ ಕಾರಣಗಳು ನಾಲ್ಕೇ: ಶವಸಂಸ್ಕಾರ, ಹುಡುಗಿಯ ಮದುವೆ, ಕುಟುಂಬದ ದೊಡ್ಡಮನೆಯ ರಿಪೇರಿ, ಕುಲದ ಮುಖ್ಯಸ್ಥನ ಪಟ್ಟ.

ಇವರು ಮುಸ್ಲಿಮರು ಅಲ್ವಾ, ಷರಿಯತ್ ಎಲ್ಲಿ ಹೋಯಿತು? ಸ್ವಂತ ದುಡಿಮೆಯ ಆಸ್ತಿಯ ಲೆಕ್ಕ ಬೇರೆ. ಅದು ಇಸ್ಲಾಂ ನಿಯಮದಂತೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಿಗುತ್ತದೆ. 1952ರಲ್ಲಿ ಅಲ್ಲಿನ ಬುಕಿಟ್‌ತಿಂಗಿ ಪಟ್ಟಣದಲ್ಲಿ ಸೇರಿದ ಸಭೆ ಈ ವಿಂಗಡಣೆಗೆ ಒಪ್ಪಿಗೆ ಕೊಟ್ಟಿತು.